ಬಂದಾರ, ಬಂದಾರು

ವ್ಯಾಕರಣದಲ್ಲಿ ನಾನು ಎಂದೂ ಫೇಲಾದವಳಲ್ಲ. ಸಂಸಾರದಲ್ಲಿ ಒಮ್ಮೆ ಫೇಲಾದದ್ದು ಮಾತ್ರ ವ್ಯಾಕರಣದಿಂದಲೇ.

ಆಗಿನ್ನೂ ಮೈಸೂರು ರಾಜ್ಯ. ಮಂಡ್ಯದ ಕಡೆಯವಳಾದ ನನ್ನನ್ನು ಚಿತ್ತಾಪುರದ ಶಾಲೆಗೆ ಟೀಚರಾಗಿ ಹಾಕಿದ್ದರು. ನಮ್ಮ ಯಜಮಾನರು ಮಂಡ್ಯದಲ್ಲೇ ಹೈಸ್ಕೂಲಿನ ಕನ್ನಡ ಪಂಡಿತರು. ಮುಖ ನೋಡಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ, ಜೊತೆಯ ಟೀಚರೊಬ್ಬರ ಮನೆಗೆಂದು ಸೇಡಂ ಬಸ್ಸಿಗೆ ಹೊರಟಿದ್ದೆ. ಮನೆಯ ಒಡತಿ ಶರಣಮ್ಮ ಮೋಟುಗೋಡೆಯಾಚೆಯಿಂದ ಕೂಗಿ ಹೇಳಿದರು: "ಅಕ್ಕೋರೆ, ನಿಮ್ಮ ಮನಿಯವರು ವಾಡಿಗೆ ಬಂದಾರಂತ್ರಿ."

ಅವರ ಮಗನಿಗೆ ಹತ್ತಿರದ ವಾಡಿ ಸ್ಟೇಷನ್ನಿನಲ್ಲಿ ಕೆಲಸ, ಸುದ್ದಿ ಅವನು ಹೇಳಿ ಕಳಿಸಿದ್ದು. ನಮ್ಮ ಕಡೆ 'ಬಂದಾರು' ಎಂದರೆ ಬಂದರೂ ಬರಬಹುದು, ಬರದೆಯೂ ಇರಬಹುದು. ಹಾಗೆ ನೋಡಿದರೆ ಯಾರು ತಾನೇ ಎಂದಾದರೊಂದು ದಿನ ವಾಡಿಗೆ ಬಾರರು? "ಬರಲಿ ಬಿಡಿ" ಎಂದು ನಕ್ಕು ಹೊರಟೆ. ಶರಣಮ್ಮ ಯಾಕೆ ಬಾಯಿ ತೆರೆದು ನಿಂತರೋ ತಿಳಿಯಲಿಲ್ಲ.

ಸಂಜೆ ಬಂದರೆ ಶರಣಮ್ಮನ ಕಟ್ಟೆಯ ಮೇಲೆ ಇವರು ಕೂತಿದ್ದಾರೆ. ಬೆಳಗಿನಿಂದ ನನ್ನ ಬೀಗ ನೋಡುತ್ತ, ಅವರ ಮನೆಯ ರೊಟ್ಟಿ ತಿಂದು ಕಾದಿದ್ದರು. ಒಂದೇ ದಿನದ ರಜ. ಇನ್ನೆರಡು ತಾಸಿಗೆ ಗಾಡಿ. ನನಗೆ ಅಳು ಬಂದುಬಿಟ್ಟಿತು.

ಸಮಾಧಾನಕ್ಕೆಂದು ಇವರು ವ್ಯಾಕರಣ ತೆಗೆದರು. ಅದು ಸಂಭಾವನಾರ್ಥಕ, ತಪ್ಪು ನಿನ್ನದಲ್ಲ, ಬಂದಾಗಿದೆ ಎನ್ನಲು ಶರಣಮ್ಮ 'ಬಂದಿದ್ದಾರೆ' ಎನ್ನಬೇಕಿತ್ತು ಎಂದರು. ಚಹಾ ತಂದ ಶರಣಮ್ಮ ಕೇಳಿಸಿಕೊಂಡರು.

"ಬರೋದು ಒಂದು ಕೆಲಸ, ಇರೋದು ಒಂದು ಕೆಲಸರೀ. ನೀವು ಬಂದೀರಿ. ಇರೋದು ಅಕ್ಕೋರು ಮನಿಗೆ ಬಂದ ಮ್ಯಾಲ."

ಪಂಡಿತರು ಕಪ್ಪನ್ನು ಕೆಳಗಿಟ್ಟರು. ಬರದೇ ಇರುವವರನ್ನು ನಿಮ್ಮೂರಲ್ಲಿ 'ಬಂದಾರು' ಎನ್ನುವುದು ಹೇಗೆ, 'ಬಂದ' ಅದರೊಳಗೇ ಇದೆಯಲ್ಲ ಎಂದು ಆಕೆ ಮತ್ತೂ ಕೇಳಿದರು. ಇವರು ಭೂತಕಾಲ, ಭವಿಷ್ಯತ್ಕಾಲ ಎಂದು ಏನೋ ಶುರು ಮಾಡಿ, ನಡುವೆ ತಾವೇ ದಾರಿ ತಪ್ಪಿದರು. ನನಗಂತೂ ಯಾರು ಸರಿಯೆಂಬುದು ಇವತ್ತಿಗೂ ಗೊತ್ತಾಗಿಲ್ಲ.

ಸ್ಟೇಷನ್ನಿನಲ್ಲಿ ಗಾಡಿ ಹತ್ತಿದ ಮೇಲೆ ಇವರು ಕಿಟಕಿಯಿಂದ, "ರಜ ಸಿಕ್ಕರೆ ಬರುವ ತಿಂಗಳು ಬಂದೇನು" ಎಂದರು. ಶುದ್ಧ ಮಂಡ್ಯದ ಕನ್ನಡ, ಶುದ್ಧ ಸಂದೇಹ. ಆ ಗಳಿಗೆ ನನಗೆ ನಮ್ಮೂರ ವ್ಯಾಕರಣದ ಮೇಲೇ ಸಿಟ್ಟು ಬಂತು. ಇವರು ಚಿತ್ತಾಪುರದವರಾಗಿದ್ದರೆ, ಮಾತು ಮುಗಿಯುವಷ್ಟರಲ್ಲಿ ಬಂದೇ ಬಿಟ್ಟಿರುತ್ತಿದ್ದರು.