ಗುತ್ತೆಪ್ಪನ ಹದ ಮತ್ತು ಮುಳ್ಳಿನ ಪೆಟ್ಟಿಗೆ

ಯಲವಿಗಿಯ ಗುತ್ತೆಪ್ಪ ಸಿಟ್ಟು ಬಂದರೆ ಎತ್ತಿಗೆ ಹೊಡೆಯುತ್ತಿರಲಿಲ್ಲ, ಹೆಂಡತಿಗೆ ಬೈಯುತ್ತಿರಲಿಲ್ಲ. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ೧೯೩೮ರ ಹಸ್ತ ಮಳೆಯ ಹೊತ್ತಿಗೆ ಆ ರುಮಾಲು ದಿನಕ್ಕೆ ಹತ್ತು ಸಲ ಬಿಚ್ಚತೊಡಗಿತು. ಕಾರಣ, ಸ್ಟೇಶನ್ನಿನಲ್ಲಿ ಇಳಿದ ಕಾಲೇಜಿನ ಮಂದಿ.

ಒಬ್ಬರು ಪ್ರೊಫೆಸರರು, ಮೂವರು ವಿದ್ಯಾರ್ಥಿಗಳು. ಅವರಲ್ಲಿ ಕನ್ನಡ ಬರುತ್ತಿದ್ದುದು ಹಾನಗಲ್ಲಿನ ಮಹಾಲಿಂಗಪ್ಪನೊಬ್ಬನಿಗೆ. ಎಲ್ಲರ ಜೀವವೂ ಮೂರು ಕಾಲಿನ ಮೇಲೆ ನಿಲ್ಲುವ ಒಂದು ಪೆಟ್ಟಿಗೆಯಲ್ಲಿತ್ತು. ಒಳಗೆ ಅಯಸ್ಕಾಂತದ ಮುಳ್ಳು. ನೆಲದಡಿ ಕಬ್ಬಿಣದ ಕಲ್ಲಿದ್ದರೆ ಮುಳ್ಳು ಸರಿಯುತ್ತದೆ; ಎಷ್ಟು ಸರಿಯಿತೆಂದು ಪೆಟ್ಟಿಗೆಯ ಕೊಳವೆಯಲ್ಲಿ ಕಣ್ಣಿಟ್ಟು ನೋಡಿ ಬರೆದುಕೊಳ್ಳಬೇಕು. ಐದು ದಿನದ ಕೆಲಸ, ಆಮೇಲೆ ದುಂಡಸಿಗೆ ಹೋಗುವವರು ಎಂದು ಕೇಳಿ ಗುತ್ತೆಪ್ಪ ಚಕ್ಕಡಿ ಹೂಡಲು ಒಪ್ಪಿದ. ಆರನೆಯ ದಿನಕ್ಕೆ ಅವನ ಎರೆಹೊಲ ಜೋಳದ ಬಿತ್ತಿಗೆಯ ಹದಕ್ಕೆ ಬರುವುದಿತ್ತು. ಎರೆಯ ಹದ ಬೀಗರ ಹಾಗಲ್ಲ, ಇರ್ರಿ ಅಂದರೆ ಇರುವುದಿಲ್ಲ. ನಾಲ್ಕು ಬಿಸಿಲು ಬಿದ್ದರೆ ತೇವ ಆರಿತು, ಆ ವರ್ಷದ ಜೋಳ ಹೋಯಿತು. ಗುತ್ತೆಪ್ಪನಿಗೆ ಇದ್ದದ್ದು ಒಂದೇ ಜೋಡಿ ಎತ್ತು.

ಮೊದಲ ದಿನವೇ ರುಮಾಲು ಬಿಚ್ಚಿತು. ನೂರು ಹೆಜ್ಜೆಗೊಂದು ಗೂಟ ನೆಟ್ಟು ಮುಂದೆ ಹೋಗುವುದು ಸರಿ. ಆದರೆ ಎರಡು ತಾಸಿಗೊಮ್ಮೆ ಮೊದಲನೆಯ ಗೂಟಕ್ಕೇ ಮರಳಬೇಕು.

“ಮುಂಜಾನಿ ನೋಡಿದ ಗೂಟ ಮತ್ಯಾಕ ನೋಡ್ತೀರಿ? ಎದ್ದು ಎಲ್ಲಿಗರ ಹೋಗೈತೇನ್ರಿ ಅದು?”

“ಗೂಟ ಹೋಗೂದಿಲ್ಲ ಗುತ್ತೆಪ್ಪಣ್ಣ. ಹೊತ್ತು ಏರಿಧಂಗ ಮುಳ್ಳು ತಾನ ಸ್ವಲ್ಪ ಸರೀತೈತಿ. ಎಷ್ಟು ಅಂತ ಅಲ್ಲೇ ಹೋಗಿ ನೋಡಬೇಕು,” ಎಂದ ಮಹಾಲಿಂಗಪ್ಪ.

“ಮುಳ್ಳಿಗೆ ಕಾಲಿಲ್ಲ, ನನ್ನ ಎತ್ತಿಗೆ ಅದಾವು. ಅದಕ್ಕ ಅವನ್ನ ತಿರುಗಸಾಕತ್ತೀರಿ!”

ಪೆಟ್ಟಿಗೆಯ ಹತ್ತಿರ ಕಬ್ಬಿಣ ಸುಳಿಯಬಾರದು. ಗಾಲಿಗೆ ಕಬ್ಬಿಣದ ಪಟ್ಟಿ ಇದ್ದ ಕಾರಣ ಚಕ್ಕಡಿ ನೂರು ಹೆಜ್ಜೆ ಆಚೆ. ಬೂಟಿಗೆ ಮೊಳೆ ಇವೆಯೆಂದು ಓದಿದ ಮಂದಿ ಬರಿಗಾಲಿನಲ್ಲಿ ಕೆಸರು ತುಳಿದರು. ಕೊಂಡಿ ಕಬ್ಬಿಣದ್ದೆಂದು ಸೊಂಟದ ಪಟ್ಟಾ ಬಿಚ್ಚಿಟ್ಟು ಚೊಣ್ಣಕ್ಕೆ ಹಗ್ಗ ಬಿಗಿದುಕೊಂಡರು. ಪೆಟ್ಟಿಗೆಗೆ ನೆರಳು ಹಿಡಿಯುವ ಛತ್ರಿಗೂ ಬಿದಿರಿನ ಕಡ್ಡಿ. ಗುತ್ತೆಪ್ಪನ ಸೊಂಟದ ಚಂಚಿಯಿಂದ ಅಡಕೊತ್ತನ್ನೂ ತೆಗೆಸಿದರು. ಎಲೆಗೆ ಅಡಿಕೆಯಿಲ್ಲದೆ ಅವನ ಬಾಯಿ ಇನ್ನಷ್ಟು ಹರಿತವಾಯಿತು.

ಊಟಕ್ಕೆ ಮಾತ್ರ ಕೊರತೆಯಿಲ್ಲ. ಗುತ್ತೆಪ್ಪನ ಹೆಂಡತಿ ಕರೆವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು ಗಂಡನಿಗೊಂದು ಗಂಟು, ಕಾಲೇಜಿನವರಿಗೊಂದು ಬುಟ್ಟಿ ಕಟ್ಟಿಕೊಡುತ್ತಿದ್ದಳು. ನಡುಹಗಲಿನ ತನಕ ಬುಟ್ಟಿ ಚಕ್ಕಡಿಯಲ್ಲಿ. ಆಮೇಲೆ ಅದನ್ನು ಒಯ್ದು, ಮೊಸರು ಹುಳಿಯಾಗಬಾರದೆಂದು ಆ ಬಯಲಲ್ಲಿ ಇದ್ದ ಒಂದೇ ನೆರಳಿಗೆ, ಅಂದರೆ ಛತ್ರಿಯ ಕೆಳಗೆ, ಇಡುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಮುಳ್ಳು ಜಿಗಿಯಿತು. ಕಬ್ಬಿಣ ಸಿಕ್ಕಿತೆಂದು ಮೂವರೂ ಕುಣಿದರು. ಮರುದಿನ ಮುಂಜಾನೆ ಅದೇ ಗೂಟಕ್ಕೆ ಬಂದು ನೋಡಿದರೆ ಏನೂ ಇಲ್ಲ. ಆ ಮಧ್ಯಾಹ್ನ ಬೇರೆ ಗೂಟದಲ್ಲಿ ಮತ್ತೆ ಜಿಗಿತ, ಅದರ ಮರುದಿನ ಮತ್ತೆ ಸೊನ್ನೆ. ಹೀಗೆ ಐದು ದಿನದ ಕೆಲಸ ಎಂಟಕ್ಕೆ ಬಂತು. ಅಕ್ಕಪಕ್ಕದ ಹೊಲಗಳಲ್ಲಿ ಬಿತ್ತುವ ಕೂರಿಗೆಗಳು ಓಡಾಡುತ್ತಿದ್ದವು. ಗುತ್ತೆಪ್ಪ ಮಾತ್ರ ದಿನಾ ಸಂಜೆ ತನ್ನ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ರುಮಾಲು ಬಿಚ್ಚಿ ಸುತ್ತಿಕೊಂಡು ಮನೆಗೆ ಬರುತ್ತಿದ್ದ.

ಎಂಟನೆಯ ದಿನ ಗೂಟದ ಸಾಲು ನೇರ ಅವನ ಹೊಲಕ್ಕೇ ನುಗ್ಗಿತು. ಮಧ್ಯಾಹ್ನ ಮುಳ್ಳು ಜಿಗಿಯಿತು. ಪ್ರೊಫೆಸರರಿಗೂ ಸಾಕಾಗಿತ್ತು, ಮರಾಠಿಯಲ್ಲಿ ಏನೋ ಗುಡುಗಿದರು.

“ಏನಂತಾರ?” ಎಂದ ಗುತ್ತೆಪ್ಪ.

ಮಹಾಲಿಂಗಪ್ಪ ಗೂಟದ ಕಡೆ ನೋಡುತ್ತ ಹೇಳಿದ: “ಇನ್ನ ಕಾಯೂದ ಬ್ಯಾಡ, ನಾಳೆ ಇಲ್ಲೇ ಆಳೆತ್ತರದ ಗುಂಡಿ ತೋಡಿಸಿ ನೋಡೂಣು ಅಂತಾರ್ರಿ.”

“ಬಿತ್ತೂ ಹೊಲದಾಗ ಗುಂಡಿ! ಹದ ಇರೂದ ಇನ್ನ ಎರಡು ದಿನ. ಗುಂಡ್ಯಾಗ ನನ್ನೂ ಇಳಿಸಿ ಮಣ್ಣು ಮುಚ್ಚಿಬಿಡ್ರಿ, ಎಲ್ಲಾರಿಗೂ ಚಲೋ ಆಗತೈತಿ!”

ಇನ್ನು ಅಲ್ಲೇ ನಿಂತರೆ ಬಾಯಿ ಹೊಲಸಾದೀತೆಂದು ಚಕ್ಕಡಿಗೆ ಹೋಗಿ ತನ್ನ ಬುತ್ತಿಗಂಟು ಬಿಚ್ಚಿದ. ಸಿಟ್ಟಿನ ಭರಕ್ಕೆ ಒಂದು ರೊಟ್ಟಿ ಹೆಚ್ಚೇ ಇಳಿಯಿತು. ತಳದ ರೊಟ್ಟಿಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗೆ ತಗುಲಿತು: ಎತ್ತಿನ ಹಳೆಯ ಲಾಳ. ನಡುಹಗಲಿನಲ್ಲಿ ಬಯಲು ದಾಟುವ ಬುತ್ತಿಗೆ ದೆವ್ವದ ಕಣ್ಣು ಬೀಳಬಾರದೆಂದು ಕರೆವ್ವ ಕಬ್ಬಿಣ ಇಟ್ಟೇ ಕಟ್ಟುವವಳು. ಇಪ್ಪತ್ತು ವರ್ಷ ದಿನಾ ಕಂಡದ್ದು, ಅದಕ್ಕೇ ಕಂಡಿರಲಿಲ್ಲ. ತಕ್ಕಡಿ ಹಿಡಿದವರಿಗೆ ಗೊತ್ತು, ತೂಕ ತಪ್ಪಿದರೆ ಮಾಲಿಗೆ ಬೈಯುವ ಮೊದಲು ತಟ್ಟೆಯ ತಳ ನೋಡಬೇಕು. ಗುತ್ತೆಪ್ಪ ವ್ಯಾಪಾರಿಯಲ್ಲದಿದ್ದರೂ ಆ ಕ್ಷಣಕ್ಕೆ ಹೊಳೆಯಿತು.

ಎದ್ದು ನೆಟ್ಟಗೆ ಹೋದ. ಛತ್ರಿಯ ಕೆಳಗಿನ ಬುಟ್ಟಿಯನ್ನು ತಳದ ತನಕ ಕೆದಕಿ, ಅರಿವೆಯಲ್ಲಿ ಸುತ್ತಿದ್ದ ಎರಡು ಲಾಳ ಎತ್ತಿ ಹಿಡಿದ. ಅವನು ಲಾಳ ಹಿಡಿದು ಹಿಂದೆ ಹಿಂದೆ ಸರಿದಂತೆ, ಕೊಳವೆಗೆ ಕಣ್ಣಿಟ್ಟಿದ್ದ ಮಹಾಲಿಂಗಪ್ಪ ಕೂಗಿದ: “ಬಂತ್ರಿ! ಮುಳ್ಳು ತನ್ನ ಜಾಗಾಕ ಬಂತು!”

ಪ್ರೊಫೆಸರರು ಎಂಟು ದಿನದ ಲೆಕ್ಕದ ವಹಿ ತೆರೆದು ಮಧ್ಯಾಹ್ನದ ಅಂಕಿಗಳನ್ನೆಲ್ಲ ಹೊಡೆದುಹಾಕಿದರು. ಗುಂಡಿ ಬೇಡ, ಆದರೆ ಮಧ್ಯಾಹ್ನದ ಗೂಟಗಳನ್ನೆಲ್ಲ ಮತ್ತೆ ನೋಡಬೇಕು ಎಂದರು.

“ನೋಡ್ರಿ, ಯಾರು ಬ್ಯಾಡ ಅಂದಾರ?” ಎಂದ ಗುತ್ತೆಪ್ಪ. “ಪೆಟಗಿ ಹೊರಾಕ ಮೂರು ಜೋಡಿ ಹೆಗಲು ಅದಾವು. ಚಕ್ಕಡಿ ಹೆಂಗೂ ನಿಮಗ ದೂರ ಇರಬೇಕು. ಮನಿ ಮುಂದ ಇರಲಿ. ಎತ್ತು ಕೂರಿಗಿಗೆ ಹೊಂಟ್ವು.”

ಮನೆಯಲ್ಲಿ ಕರೆವ್ವ ಸೋಲಲಿಲ್ಲ. “ಬುತ್ತಿ ಬರೇ ಹೆಂಗ ಕಳಸಲಿ? ಸುಡುಗಾಡ ದಾಟಿ ಹೋಗ್ತಾವ ಪಾಪ ಆ ಹುಡುಗ್ರು.”

“ಅವಕ್ಕ ದೆವ್ವ ಬಡಿಯೂದಿಲ್ಲ ಮಾರಾಯ್ತಿ, ದೆವ್ವಕ್ಕ ಅವು ಬಡಿಯೂವಂಥಾವು!”

ಮರುದಿನ ಬುಟ್ಟಿಯ ತಳದಲ್ಲಿ ಇದ್ದಿಲು ಬಂತು. ಇದ್ದಿಲಿಗೂ ದೆವ್ವ ಹೆದರುತ್ತದೆ, ಮುಳ್ಳು ಹೆದರುವುದಿಲ್ಲ. ಕಾಲೇಜಿನವರು ಕರಿ ಮೆತ್ತಿದ ರೊಟ್ಟಿ ತಿಂದು, ಬರಿಗಾಲಿನಲ್ಲಿ ಪೆಟ್ಟಿಗೆ ಹೊತ್ತು ಗುತ್ತೆಪ್ಪನ ಹೊಲದ ಗೂಟಕ್ಕೆ ಬಂದರು. ಅವನಾಗಲೇ ಅರ್ಧ ಹೊಲ ಬಿತ್ತಿದ್ದ.

“ಗುತ್ತೆಪ್ಪಣ್ಣಾ! ಕೂರಿಗಿ ಅತ್ತಾಗ ಒಯ್ಯಿರಿ, ಅದರ ಕಬ್ಬಿಣಕ್ಕ ಮುಳ್ಳು ನಿಂದ್ರವಲ್ದು!”

ಗುತ್ತೆಪ್ಪ ತಿರುಗಿಯೂ ನೋಡಲಿಲ್ಲ. “ಮುಳ್ಳಿಗೆ ನಾಳೆ ಐತಿ, ಹದಕ್ಕ ಇಲ್ಲ. ನೀವ ಅತ್ತಾಗ ಸರೀರಿ!”

ಅವರು ಸರಿದರು. ರುಮಾಲು ಅಂದು ಸಂಜೆಯ ತನಕ ತಲೆಯ ಮೇಲೇ ಇತ್ತು.