ಜಿಂಕೆಗೆ ದೋಣಿಯ ಬಣ್ಣ

ಮೊನ್ನೆ ನಮ್ಮ ಬಾಗಿಲಿಗೆ ಬಣ್ಣ ಬಳಿಯಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಕಾರವಾರದ ನಮ್ಮ ಪಕ್ಕದ ಮನೆಯ ಮಾಮ ನೆನಪಾದರು. ಮೀನುಗಾರರ ದೋಣಿಗಳಿಗೆ ಬಣ್ಣ ಬಳಿಯುವುದು ಅವರ ಕೆಲಸ. ಉಳಿದ ಬಣ್ಣವನ್ನು ಚೆಲ್ಲುವ ಜೀವವಲ್ಲ ಅದು. ಅವರ ಮನೆಯ ಕುರ್ಚಿ, ತುಳಸಿಕಟ್ಟೆ, ಬಾವಿಯ ಪಂಪು, ಎಲ್ಲಕ್ಕೂ ದೋಣಿಯ ಬಣ್ಣವೇ. ಬೆಕ್ಕು ಮಾತ್ರ ಹೇಗೋ ತಪ್ಪಿಸಿಕೊಂಡಿತ್ತು.

ನಾನಾಗ ಕಾಲೇಜಿನಲ್ಲಿದ್ದೆ, ಎರಡು ಸಾವಿರದ ನಾಲ್ಕೋ ಐದೋ ಇರಬೇಕು... ನಮ್ಮ ಜಗಲಿಯ ಗೋಡೆಯ ಮೇಲೆ ಮರದ ಜಿಂಕೆಯ ತಲೆಯೊಂದಿತ್ತು. ಅಪ್ಪನ ಅಕ್ಕ, ಅಂದರೆ ಅಂಕೋಲೆಯ ಅತ್ತೆ, ಗೃಹಪ್ರವೇಶಕ್ಕೆ ಕೊಟ್ಟದ್ದು. ಕಡಲ ಗಾಳಿಗೆ ಬಣ್ಣ ಎದ್ದು ಜಿಂಕೆಗೆ ಕಜ್ಜಿ ಹತ್ತಿದಂತೆ ಕಾಣುತ್ತಿತ್ತು. ಅತ್ತೆಯೋ, ಕೊಟ್ಟದ್ದನ್ನು ಮರೆಯುವ ಪೈಕಿಯಲ್ಲ. ಹಿಂದೊಮ್ಮೆ ಅವರು ಕೊಟ್ಟ ಸೀರೆಯನ್ನು ಅಮ್ಮ ಬೇರೆಯವರಿಗೆ ದಾಟಿಸಿದ್ದು ತಿಳಿದು ಎರಡು ವರ್ಷ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪನಿಗೆ ಇದ್ದದ್ದು ಅವರೊಬ್ಬರೇ ಅಕ್ಕ. ಅಂತೂ ಸಿಟ್ಟಿಳಿದು ಭಾನುವಾರ ಬರುತ್ತೇನೆಂದು ಫೋನು ಮಾಡಿದಾಗ ಅಮ್ಮನಿಗೆ ಕೈಕಾಲೇ ಆಡಲಿಲ್ಲ.

ಮಾಮನನ್ನು ಕರೆದು, ಇದನ್ನು ಹೊಸತು ಮಾಡಿಕೊಡಿ ಎಂದು ಜಿಂಕೆಯನ್ನು ಒಪ್ಪಿಸಿದರು. ಕಂದು ಬಣ್ಣವೇ ಇರಲಿ ಎಂದು ಬಾಯಿಬಿಟ್ಟು ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಜಿಂಕೆಯಲ್ಲವೇ!

ಶನಿವಾರ ಸಂಜೆ ಜಿಂಕೆ ಬಂತು. ಮುಖ ಕಡು ನೀಲಿ, ಕೊಂಬು ಹಳದಿ, ಕುತ್ತಿಗೆಗೆ ಕೆಂಪು ಪಟ್ಟೆ. ಕೆಳಗಿನ ಹಲಗೆಯ ಮೇಲೆ ದುಂಡು ಅಕ್ಷರದಲ್ಲಿ ‘ಶ್ರೀ ಗಣೇಶ ಪ್ರಸನ್ನ’. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಕಂದು ಬಣ್ಣ ಎಂತಕ್ಕೆ ಅಕ್ಕಾ? ನೀರ ಮೇಲೆ ದೂರದಿಂದ ಕಾಣೂದೇ ಇಲ್ಲ” ಎಂದರು ಮಾಮ. ನಮ್ಮ ಜಗಲಿಯ ಜಿಂಕೆ ಯಾವ ನೀರಿಗೆ ಇಳಿಯುವುದಿತ್ತೋ!

ಮರುದಿನ ಅತ್ತೆ ಬಂದರು. ಬಾಗಿಲಿನಿಂದಲೇ ಗೋಡೆ ನೋಡಿದರು. ಚಪ್ಪಲಿ ಬಿಡಲೇ ಇಲ್ಲ.

“ನನ್ನ ಜಿಂಕೆ ಎಲ್ಲಿ ಅದೆ?”

“ಅದೇ ಇದು ಅತ್ತಿಗೆ, ಬಣ್ಣ ಹಚ್ಚಿಸಿದ್ದು...” ಎಂದರು ಅಮ್ಮ.

“ನನ್ನ ಮಂಗ ಮಾಡ್ಬೇಡ! ನಾ ಕೊಟ್ಟದ್ದ ಗುಜರಿಗೆ ಹಾಕಿ, ಈ ನೀಲಿ ಕತ್ತೆ ತಂದಿಟ್ಟೀರಿ. ಇನ್ನು ಈ ಮನೆಗೆ ಬಂದ್ರೆ ಕೇಳು!”

ಅತ್ತೆ ಬಸ್‌ಸ್ಟ್ಯಾಂಡಿನ ಕಡೆ ತಿರುಗಿಯೇ ಬಿಟ್ಟರು. ಅಪ್ಪ ಗೇಟಿಗೆ ಅಡ್ಡ ನಿಂತರು. ನಾನು ಓಡಿಹೋಗಿ ಮಾಮನನ್ನು ಕರೆತಂದೆ.

ವಿಷಯ ಕೇಳಿದ್ದೇ ಮಾಮ ಗೋಡೆಯ ಹತ್ತಿರ ಹೋದರು. ಜಿಂಕೆಯನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು, ತಾವು ಬಳಿದ ಮೂರು ಕೋಟು ಬಣ್ಣವನ್ನು ತಾವೇ ಚಾಕುವಿನಿಂದ ಕೆರೆಯತೊಡಗಿದರು. ದೋಣಿಯ ಬಣ್ಣ, ಸುಲಭಕ್ಕೆ ಏಳುತ್ತದೆಯೇ? ಹಣೆ ಹೋಯಿತು, ಕೆನ್ನೆ ಹೋಯಿತು. ಕೊನೆಗೆ ಕಿವಿಯ ಬುಡದಲ್ಲಿ ಹಳೆಯ ಕಂದು ಕಂಡಿತು, ಅದರ ನಡುವೆ ಅಂಟಿನ ದಪ್ಪ ಗೆರೆ.

“ಅಯ್ಯೋ, ನಾನೇ ಅಂಟಿಸಿದ ಕಿವಿ!” ಎಂದರು ಅತ್ತೆ. ಎಂದವರೇ ನಾಲಿಗೆ ಕಚ್ಚಿಕೊಂಡರು.

ತರುವಾಗ ಬಸ್ಸಿನಲ್ಲಿ ಕಿವಿ ಮುರಿದಿತ್ತಂತೆ. ಯಾರಿಗೂ ಹೇಳದೆ ಅಂಟಿಸಿ, ಬಣ್ಣದ ಕಾಗದ ಸುತ್ತಿ ಕೊಟ್ಟಿದ್ದರಂತೆ! ಅಪ್ಪ ಮೊದಲು ನಕ್ಕರು, ಆಮೇಲೆ ಅಮ್ಮ, ಕೊನೆಗೆ ಅತ್ತೆಯೂ. ಚಪ್ಪಲಿ ಬಿಟ್ಟು ಒಳಗೆ ಬಂದು ಎರಡೆರಡು ಸಲ ಮೀನಿನ ಸಾರು ಹಾಕಿಸಿಕೊಂಡು ಉಂಡರು.

ಆ ಗದ್ದಲದಲ್ಲಿ ಮಾಮ ನೆಲದ ಮೇಲೆ ಬಿದ್ದ ನೀಲಿ ಚೂರುಗಳನ್ನೆಲ್ಲ ಅಂಗೈಗೆ ಬಳಿದುಕೊಂಡು ಎದ್ದರು. ಮೆಟ್ಟಿಲಿಳಿಯುವಾಗ ನನ್ನನ್ನು ಮೆಲ್ಲಗೆ ಕೇಳಿದರು, “ಬಣ್ಣ ಚಂದ ಆಗಿತ್ತಲ್ಲವೇ ತಂಗಿ?”

ನಾನು ಅತ್ತೆಯ ಮುಖ ನೋಡಿ ನಗುತ್ತಿದ್ದೆ. ಉತ್ತರ ಕೊಡಲಿಲ್ಲ.

ಮಾಮ ಹೋಗಿ ಈಗ ಎಷ್ಟೋ ವರ್ಷವಾಯಿತು... ಚಂದ ಆಗಿತ್ತು ಮಾಮಾ, ತುಂಬಾ ಚಂದ ಆಗಿತ್ತು. ಹೇಳಲು ಅಂದು ಒಂದು ಗಳಿಗೆ ಸಾಕಿತ್ತು.