ಗ್ರೂಪಿನ್ಯಾಗ ನಾನೊಬ್ಬನ

ನಾರಾಯಣಪುರದ ಕಾಲುವಿ ಆಫೀಸಿನ ಕ್ವಾರ್ಟರ್ಸ್‌ನ್ಯಾಗ ನಾ ಒಬ್ಬನ ಇರ್ತೀನಿ. ಆಫೀಸು ಬಿಟ್ಟರ ಮಾತಾಡಾಕ ನನಗ ಇದ್ದವ್ರು ಇಬ್ಬರ: ಸುರಪುರದ ಸಾಲ್ಯಾಗ ಕನ್ನಡ ಕಲಿಸೋ ಅಕ್ಕಾರು, ಶಹಾಪುರದಾಗ ಹೊಲಿಗಿ ಅಂಗಡಿ ಇಟ್ಟ ಭಾಯಿ. ಇಬ್ಬರ ಮಾರಿನೂ ನಾ ನೋಡಿದ್ದು ಒಂದೊಂದ ಸಲ. ನಮ್ಮನ್ನ ಕೂಡಿಸಿದ್ದು ಒಂದು ಶಬ್ದಕೋಶ. ನಮ್ಮ ಕಡಿ ಕನ್ನಡ, ಭಾಯಿ ಮನ್ಯಾಗಿನ ದಖನಿ ಉರ್ದು, ಎರಡೂ ಮೊಬೈಲ್‌ನ್ಯಾಗ ಹುಡುಕಾಕ ಬರೋ ಹಂಗ ನಾ ಮಾಡಿದ ಓಪನ್ ಸೋರ್ಸ್ ಆ್ಯಪ್.

ಪಟ್ಟಿ ತಿದ್ದೋ ಪರ್ಮಿಷನ್ ಇದ್ದ ಗ್ರೂಪಿನ್ಯಾಗ ನಾವು ಮೂವರು. ಗಿರಾಕಿ ಇಲ್ಲದಾಗ ಭಾಯಿ ಮಷೀನ್ ಮುಂದ ಕುಂತ ಶಬ್ದ ಹಾಕ್ತಿದ್ದ. ಅಕ್ಕಾರು "ಇದು ನಿಮ್ಮ ಓಣಿ ಮಾತು ಭಾಯಿ, ನಮ್ಮಲ್ಲಿ ಹಿಂಗ ಅನ್ನಂಗಿಲ್ಲ" ಅಂತ ಜಗಳ ತಗೀತಿದ್ರು. ಸಂಜಿಮುಂದ ಚಾ ಕುಡಕೋತ ಆ ಜಗಳ ಓದೂದ ನನ್ನ ಸಂಸಾರ.

ಒಂದಿನ ಮಧ್ಯಾಹ್ನ ಭಾಯಿ ಎರಡೆರಡು ಸಲ ಬಂದ ಶಬ್ದ ತಗಿಯಾಕ ಹೋಗಿ 'ಕ' ಅಕ್ಷರದ ಪಟ್ಟಿನ ಪೂರಾ ಅಳಿಸಿಬಿಟ್ಟ. ಹಳೀ ಪ್ರತಿ ಇದ್ದ ಇರತದ, ವಾಪಸ್ ತರಾಕ ಹತ್ತು ನಿಮಿಷ ಸಾಕಾತು. ಆದ್ರ ನನ್ನ ಸಿಟ್ಟು, ಅಬ್ಬಬ್ಬಾ! ಭಾಯಿದಷ್ಟ ಅಲ್ಲ, ತಪ್ಪು ಮಾಡದ ಅಕ್ಕಾರ ಪರ್ಮಿಷನ್‌ನೂ ಕಿತ್ತಕೊಂಡೆ. "ಇನ್ನ ಮ್ಯಾಲ ಎಲ್ಲಾ ನನಗ ಕಳಸ್ರಿ, ನಾ ನೋಡಿ ಹಾಕ್ತೀನಿ" ಅಂತ ಬರದೆ. ಭಾಯಿ "ಮಾಫ್ ಮಾಡ್ರಿ ಸಾಹೇಬ್ರ, ತಪ್ಪಾತು" ಅಂದ. ಅದಕ್ಕ ಉತ್ತರ ಸೈತ ಕೊಡಲಿಲ್ಲ. ಎಂಥಾ ಸೊಕ್ಕು ನೋಡ್ರಿ ನಂದು.

ಅವ್ರು ಕಳಿಸಿದ್ರು. ನಾ ನೋಡಲಿಲ್ಲ. ಕಾಲುವಿಗೆ ನೀರು ಬಿಡೋ ಹೊತ್ತು, ಪುರಸೊತ್ತಿಲ್ಲ ಅಂತ ನೆವ. ಖರೇ ಹೇಳಬೇಕಂದ್ರ, ಅವ್ರು ನನ್ನ ದಾರಿ ಕಾಯೂದು ನನಗ ಸೇರತಿತ್ತು. ಅಕ್ಕಾರು ಒಮ್ಮೆ ಫೋನ್ ಮಾಡಿ, "ಸರ್, ನನ್ನ ಶಬ್ದ ಪಂಚಮಿಯಿಂದ ಹಂಗ ಬಿದ್ದಾವಲ್ರಿ, ಯಾಕ್ರಿ?" ಅಂದ್ರು. "ತಡೀರಿ, ನೋಡ್ತೀನಿ" ಅಂದೆ. ದೀಪಾವಳಿ ಹೊತ್ತಿಗೆ ಇಬ್ಬರೂ ಕಳಿಸೂದ ಬಿಟ್ರು. ಗ್ರೂಪ್ ತಗದು ನೋಡಿದ್ರ ನನ್ನ ಹೆಸರೊಂದ. ನಾನ ನನಗ ಪರ್ಮಿಷನ್ ಕೊಡಬೇಕು, ನಾನ ತಗೋಬೇಕು.

ಬ್ಯಾಸಗ್ಯಾಗ ಆಫೀಸಿನ ವಾಚ್‌ಮನ್ನನ ಮೊಬೈಲ್‌ನ್ಯಾಗ ನನ್ನ ಶಬ್ದಕೋಶ ಕಂಡೆ, ಹೆಸರು ಮಾತ್ರ ಬ್ಯಾರೆ. ಅಕ್ಕಾರು, ಭಾಯಿ ಕೂಡಿ ನನ್ನ ಆ್ಯಪ್ ಕಾಪಿ ಮಾಡಕೊಂಡು ಬ್ಯಾರೆ ನಡಸಾಕತ್ತಿದ್ರು. ಓಪನ್ ಸೋರ್ಸ್ ಅಂದ್ರ ಅದ ಅಲ್ರಿ, ಯಾರು ಬೇಕಾದ್ರೂ ಒಯ್ಯಬಹುದು, ತಡಿಯಾಕ ನಾ ಯಾರು? ಆದ್ರೂ ಅಲ್ಲೇ ನಿಂತು ಅವ್ರ ಗ್ರೂಪ್ ತಗದು ನೋಡಿದೆ. ಅವ್ರ ಗ್ರೂಪಿನ್ಯಾಗ ಹನ್ನೊಂದು ಮಂದಿ, ಎಲ್ಲಾರಿಗೂ ತಿದ್ದೋ ಪರ್ಮಿಷನ್. ಒಂದ ಕಟ್ಟಳೆ ಇತ್ತು: ಹೊಸಾ ಶಬ್ದ ಒಳಗ ಬರಬೇಕಂದ್ರ ಅದನ್ನ ಮಾತಿನ್ಯಾಗ ಕಿವಿಯಾರೆ ಕೇಳಿದವ್ರು ಇಬ್ಬರಿರಬೇಕು. ಮೊದಲು ಮಾಡಿದವ್ರು ಅಂತ ನನ್ನ ಹೆಸರು ಮ್ಯಾಲ ಹಂಗ ಇಟ್ಟಿದ್ರು. ಅದು ಭಾಳ ಚುಚ್ಚಿತು.

ಎರಡು ದಿನ ಉರಕೊಂಡೆ. ಮೂರನೇ ದಿನಕ್ಕ ಸೊಕ್ಕು ಇಳೀತು. ಮತ್ತ ಅವ್ರ ನಡುವ ಕುಂದರಬೇಕು ಅಂತ ಜೀವ ತಡಿಯಲಿಲ್ಲ. ತಪ್ಪಾತು ಅನ್ನಾಕ ಬಾಯಿ ಬರಲಿಲ್ಲ, ಅವ್ರ ಗ್ರೂಪಿಗೆ ಒಂದು ಶಬ್ದ ಕಳಿಸಿದೆ: ಹಾರಿಟ್ಟು. ರೊಟ್ಟಿ ಬಡಿಯೋ ಮುಂದ ಹಾರಿ ಒಲಿ ಸುತ್ತ ಬೀಳೋ ಹಿಟ್ಟು. ನಮ್ಮವ್ವ ಅದನ್ನ ಕೈಲೆ ಬಳದು ಕೊಟ್ಟು, "ಹಾರಿಟ್ಟು ಇರಿವಿಗೆ ಹಾಕು ಹೋಗು" ಅಂತಿದ್ಲು. ಕೇಳಿದವ್ರು ಅನ್ನೋ ಕಡಿ ನನ್ನ ಹೆಸರು ಬರದೆ. ಎರಡನೇದ್ದು ಆ ಹನ್ನೊಂದರಾಗ ಯಾರರ ತುಂಬತಾರ ಅಂತ ಖಾಲಿ ಬಿಟ್ಟೆ.

ಭಾಯಿ ಶಬ್ದಗಳನ್ನ ನಾ ತಿಂಗಳಗಟ್ಟಲೆ ಮುಟ್ಟಿರಲಿಲ್ಲ. ಅವ ಅವತ್ತ ಮಧ್ಯಾಹ್ನನ ಉತ್ತರ ಬರದಾನ: "ಸಾಹೇಬ್ರ, ಬಂದ್ರಲ್ಲ, ಭಾಳ ಖುಷಿ ಆತ್ರಿ. ಶಬ್ದ ಛಲೋ ಅದ. ನಮ್ಮ ಮನ್ಯಾಗ ಕೇಳಿದೆ, ಅಂಗಡಿಗೆ ಬಂದ ಹೆಣ್ಮಕ್ಕಳಿಗೂ ಕೇಳಿದೆ, ಯಾರೂ ಕೇಳಿಲ್ಲಂತ. ಅಕ್ಕಾರೂ ಇಲ್ಲಂದ್ರು. ನಿಮ್ಮ ಮನಿಯವ್ರು ಇನ್ನೊಬ್ಬರ ಹೆಸರು ಬರದುಬಿಡ್ರಿ, ಈಗಿಂದೀಗ ಹಾಕ್ತೀನಿ."

ಅಪ್ಪ ಮೊದಲ ಇಲ್ಲ, ಅವ್ವ ಹೋಗಿ ಎಂಟು ವರ್ಷ ಆತು. ಒಡಹುಟ್ಟಿದವ್ರಿಲ್ಲ, ಹೇಣ್ತಿ ಇಲ್ಲ. ಆ ಶಬ್ದ ಅವ್ವ ಅಂದಿದ್ದು, ನಾ ಕೇಳಿದ್ದು, ಅಷ್ಟ. "ಯಾರೂ ಇಲ್ಲ ಭಾಯಿ" ಅಂತ ಬರದು ಕಳಿಸಿದೆ.